ಕಂಬದ ಬುಡದಲ್ಲಿ ನಿಂತು ನೋಡಿದ ಟಾರ್ಚ್‌ಗಳು

ಆಗುಂಬೆ ಕಡೆಯ ವಿದ್ಯುತ್ ಮಾರ್ಗಗಳನ್ನು ನೋಡಿಕೊಳ್ಳುವ ಲೈನ್‌ಮನ್ ನಾನು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆ. ಗಾಳಿಗೆ ಮರ ಬೀಳುವುದು, ಕರೆಂಟು ಹೋಗುವುದು, ನನ್ನ ಮೊಬೈಲ್ ಬಡಿದುಕೊಳ್ಳುವುದು ಎಲ್ಲವೂ ಹೆಚ್ಚಾಗಿ ಕತ್ತಲಾದ ಮೇಲೆಯೇ. ಹಾಗಾಗಿ ಟಾರ್ಚ್ ವಿಷಯದಲ್ಲಿ ನನಗೆ ಅಭಿಪ್ರಾಯಗಳಿವೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಇವೆ.

ನನಗೆ ಬೇಕಾದ ಬೆಳಕು ಎಂಥದ್ದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಡಿ.ಓ. ಫ್ಯೂಸ್ (ಸುಟ್ಟಾಗ ತಾನೇ ಕಳಚಿ ಬೀಳುವ ಡ್ರಾಪ್ ಔಟ್ ಫ್ಯೂಸ್) ಹೋಗಿದ್ದರೆ ಅದರ ನಳಿಕೆ ಕೆಳಕ್ಕೆ ಜೋತುಬಿದ್ದಿರುತ್ತದೆ, ಮೊಬೈಲ್ ಬೆಳಕಿಗೂ ಕಾಣಿಸೀತು. ಕಷ್ಟವಿರುವುದು 11 ಕೆ.ವಿ. ಕಂಬದ ತುದಿಯ ಪಿನ್ ಇನ್ಸುಲೇಟರ್‌ನಲ್ಲಿ, ಅಂದರೆ ಕರೆಂಟು ಕಂಬಕ್ಕೆ ಹರಿಯದಂತೆ ತಂತಿಯನ್ನು ಹೊತ್ತಿರುವ ಪಿಂಗಾಣಿಯಲ್ಲಿ. ಕಂದು ಪಿಂಗಾಣಿಯ ಮೇಲೆ ಕೂದಲೆಳೆಯಂಥ ಬಿರುಕು, ಅದರ ಪಕ್ಕದಲ್ಲಿ ಸುಟ್ಟ ಕಪ್ಪು ಚುಕ್ಕೆ. ಮಳೆ ಮುಖಕ್ಕೆ ರಾಚುತ್ತಿರುವಾಗ ಕೆಳಗಿನಿಂದಲೇ ಅದನ್ನು ಪತ್ತೆ ಮಾಡಬೇಕು. ಅಲ್ಲಿ ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಒಂದೇ ಕಡೆ ಎಷ್ಟು ಒತ್ತಾಗಿ ಬೀಳುತ್ತದೆ, ಯಾವ ಬಣ್ಣದ್ದಾಗಿದೆ ಎನ್ನುವುದು ಮುಖ್ಯ. ನೀಲಿ ಬೆರೆತ ಬಿಳಿ ಬೆಳಕಿನಲ್ಲಿ ಒದ್ದೆ ಪಿಂಗಾಣಿ ಬರೀ ಹೊಳೆಯುತ್ತದೆ, ಬಿರುಕು ಮರೆಯಾಗುತ್ತದೆ. ಬಿಸಿಲಿನ ಬಣ್ಣಕ್ಕೆ ಹತ್ತಿರವಿರುವ 5,000 ಕೆಲ್ವಿನ್ ಆಸುಪಾಸಿನ ಬೆಳಕಾದರೆ ಅದೇ ಬಿರುಕು ಎದ್ದು ಕಾಣುತ್ತದೆ.

ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ, ಮೂತಿ ಎಳೆದರೆ ಜೂಮ್ ಆಗುವ ಟಾರ್ಚ್ ಈ ಪರೀಕ್ಷೆಯಲ್ಲಿ ಮೊದಲೇ ಸೋತಿತು. ಪೆಟ್ಟಿಗೆಯ ಮೇಲೆ 50,000 ಲೂಮೆನ್ (ಹೊಮ್ಮುವ ಒಟ್ಟು ಬೆಳಕಿನ ಅಳತೆ) ಎಂದು ಬರೆದಿತ್ತು. ಅಷ್ಟು ಬೆಳಕು ಅಂಗೈಯಗಲದ ವಸ್ತುವಿನಿಂದ ನಿಜಕ್ಕೂ ಹೊಮ್ಮಿದರೆ ಅದನ್ನು ಹಿಡಿದುಕೊಳ್ಳಲು ಇಕ್ಕಳ ಬೇಕಾಗುತ್ತದೆ. ಮೂತಿ ಪೂರ್ತಿ ಎಳೆದರೆ ಕಂಬದ ಮೇಲೆ ಬೀಳುವುದು ಎಲ್‌ಇಡಿ ಚಿಪ್ಪಿನ ಚೌಕಾಕಾರದ ಪಡಿಯಚ್ಚು, ಅದರಾಚೆ ಗಾಢಾಂಧಕಾರ. ಒಳಗೆ 18650 ಎಂಬ ಅಳತೆಯ ಲಿಥಿಯಂ ಸೆಲ್ಲು, ಅದರ ಮೇಲೆ 9,900 ಎಂಎಎಚ್ ಸಾಮರ್ಥ್ಯ ಎಂಬ ಮುದ್ರೆ. ಆ ಅಳತೆಯ ಒಳ್ಳೆಯ ಸೆಲ್ಲುಗಳೇ 3,500ರ ಸುತ್ತಮುತ್ತ ನಿಂತಿವೆ. ಅನುಮಾನವಿದ್ದವರು ದಿನಸಿ ಅಂಗಡಿಯ ತಕ್ಕಡಿಗೆ ಹಾಕಿ ನೋಡಬಹುದು. ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗಬೇಕು. ನನ್ನದು ಮೂವತ್ತನ್ನೂ ಮುಟ್ಟಲಿಲ್ಲ.

ಪೇಟೆಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ತೂಗುಹಾಕಿರುವ, ಹಿಡಿಕೆಯಿರುವ ದಪ್ಪ ಪ್ಲಾಸ್ಟಿಕ್ ಟಾರ್ಚನ್ನು ಮಾತ್ರ ಹಗುರವಾಗಿ ಕಾಣಬೇಡಿ. ಅದರ ಅಗಲವಾದ ಪ್ರತಿಫಲಕದಿಂದಾಗಿ ಬೆಳಕು ಚೆನ್ನಾಗಿಯೇ ದೂರ ಹೋಗುತ್ತದೆ. ಇಂಥವುಗಳಲ್ಲಿ ಸಾಮಾನ್ಯವಾಗಿ ಇರುವುದು ಲೆಡ್ ಆಸಿಡ್ ಬ್ಯಾಟರಿ. ಖಾಲಿಯಾದ ಸ್ಥಿತಿಯಲ್ಲಿ ಬಿಟ್ಟರೆ ಅದರ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಹಿಡಿಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ಅಟ್ಟಕ್ಕೆಸೆದು, ಮುಂದಿನ ಮಳೆಗೆ ಇಳಿಸಿ, ಅಂಗಡಿಯವನನ್ನು ಬೈಯುವುದು ನಮ್ಮೂರಿನ ವಾರ್ಷಿಕ ಸಂಪ್ರದಾಯ.

ಈಗ ನನ್ನ ಕೈಯಲ್ಲಿರುವುದು ಫೀನಿಕ್ಸ್ ಕಂಪನಿಯ ಪಿಡಿ36ಆರ್. ಮಗಳು ಕೊಡಿಸಿದ್ದು. ಬೆಲೆ ಕೇಳಿ ನನ್ನ ಹೆಂಡತಿ, "ಇದರಲ್ಲಿ ಒಳ್ಳೆಯ ಮಿಕ್ಸಿ ಬರುತ್ತಿತ್ತಲ್ಲ" ಎಂದಳು. ಬರುತ್ತಿತ್ತು, ನಿಜ. ಇದರ ಪೆಟ್ಟಿಗೆಯಲ್ಲಿ ಬರೆದಿರುವುದು 1,600 ಲೂಮೆನ್, 283 ಮೀಟರ್. ಈ ಅಂಕಿಗಳು ಎಫ್‌ಎಲ್1 ಎಂಬ ಅಮೆರಿಕದ ಮಾನದಂಡದಂತೆ ಅಳೆದವು. ಅದರ ಪ್ರಕಾರ ದೂರವೆಂದರೆ ಬೆಳಕು ಕಾಲು ಲಕ್ಸ್‌ಗೆ ಇಳಿಯುವ ಜಾಗ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. ಬೆಳದಿಂಗಳಲ್ಲಿ ತಂತಿಯ ಮೇಲೆ ಬಿದ್ದ ರೆಂಬೆಯನ್ನು ಹುಡುಕಲಾಗದು. ಆದ್ದರಿಂದ ಬರೆದಿರುವ ದೂರವನ್ನು ನಾಲ್ಕರಿಂದ ಭಾಗಿಸಿಕೊಳ್ಳುವುದು ನನ್ನ ಲೆಕ್ಕ. ದೂರ ಕಾಲು ಭಾಗವಾದರೆ ಬೆಳಕು ಹದಿನಾರು ಪಟ್ಟಾಗುತ್ತದೆ. 283ರ ಕಾಲು ಭಾಗ 70 ಮೀಟರ್, ಸುಮಾರಾಗಿ ನಮ್ಮ ಎರಡು ಕಂಬಗಳ ನಡುವಿನ ಅಂತರ. ಈ ಕಂಬದ ಬುಡದಲ್ಲಿ ನಿಂತು ಮುಂದಿನ ಕಂಬದವರೆಗಿನ ತಂತಿಯನ್ನು ಕಣ್ಣಲ್ಲೇ ಹಿಂಬಾಲಿಸಬಹುದು. ಗದ್ದೆಯ ಕೆಸರಿನಲ್ಲಿ ಅಷ್ಟು ದೂರ ನಡೆಯುವುದು ತಪ್ಪಿದರೆ ಎಷ್ಟು ಲಾಭ ಎನ್ನುವುದು ನಡೆದವರಿಗೇ ಗೊತ್ತು.

ಪೂರ್ತಿ 1,600ರಲ್ಲಿ ಇದು ಬೇಗ ಬಿಸಿಯೇರುತ್ತದೆ, ಬೆಳಕನ್ನು ತಾನೇ ಇಳಿಸಿಕೊಳ್ಳುತ್ತದೆ. ಈ ಗಾತ್ರದ ಯಾವ ಟಾರ್ಚ್ ಆದರೂ ಅಷ್ಟೇ. ನಾನು ಇನ್ಸುಲೇಟರ್ ನೋಡಲು 800, ದಾರಿ ನಡೆಯಲು 150 ಇಟ್ಟುಕೊಳ್ಳುತ್ತೇನೆ. ಮಂಜು ಕವಿದರೆ ಯಾವ ಟಾರ್ಚನ್ನೂ ಕಣ್ಣಿನ ಮಟ್ಟದಲ್ಲಿ ಹಿಡಿಯಬಾರದು. ಎದುರಿಗೆ ಬಿಳಿ ಗೋಡೆ ಎದ್ದುಬಿಡುತ್ತದೆ. ಸೊಂಟದ ಮಟ್ಟಕ್ಕೆ ಇಳಿಸಿ, ಬೆಳಕು ತಗ್ಗಿಸಿದರೆ ಕಾಲುದಾರಿ ಕಾಣುತ್ತದೆ. ಒದ್ದೆ ಕೈಗವಸಿನಲ್ಲೂ ಹಿಂಬದಿಯ ಗುಂಡಿ ಸಿಗುತ್ತದೆ, ಒತ್ತಿದ್ದು ಬೆರಳಿಗೆ ತಿಳಿಯುತ್ತದೆ. ಇದರೊಳಗಿನ, 18650ಕ್ಕಿಂತ ತುಸು ದೊಡ್ಡ ಅಳತೆಯ 21700 ಸೆಲ್ಲಿನ 5,000 ಎಂಎಎಚ್ ನಂಬುವಂಥದ್ದು.

ಆದರೆ ಕಂಬ ಹತ್ತುವಾಗ ಇದು ಕೆಳಗೇ ಉಳಿಯುತ್ತದೆ. ಎಲ್‌ಸಿ (ಮಾರ್ಗದ ಕರೆಂಟು ತೆಗೆಸಿ ಪಡೆಯುವ ಕೆಲಸದ ಅನುಮತಿ) ತೆಗೆದುಕೊಂಡು ಅರ್ತಿಂಗ್ ಮಾಡಿದ ಮೇಲೂ ಅಲ್ಯೂಮಿನಿಯಂ ಕೊಳವೆಯೊಂದನ್ನು ತಂತಿಯ ಹತ್ತಿರ ಒಯ್ಯಲು ನನಗೆ ಮನಸ್ಸಿಲ್ಲ. ಎರಡೂ ಕೈ ಬೇಕಲ್ಲ! ಹೆಲ್ಮೆಟ್ಟಿಗೆ ಪ್ಲಾಸ್ಟಿಕ್‌ನ ತಲೆದೀಪ ಕಟ್ಟಿಕೊಳ್ಳುತ್ತೇನೆ. ಕೈಯಳತೆಯ ಕೆಲಸಕ್ಕೆ ಅದರ ಮಂದ ಬೆಳಕೇ ಹಿತ. ತೊಂದರೆ ಒಂದೇ, ಮಳೆಹುಳುಗಳೆಲ್ಲ ಹಣೆಗೇ ಬಂದು ಮುತ್ತುತ್ತವೆ. ಜಂಪ್ (ತಂತಿಗಳನ್ನು ಬೆಸೆಯುವ ತುಂಡು ತಂತಿ) ಬಿಗಿಯುವ ಹೊತ್ತಿಗೆ ಒಂದು ಮೂಗಿಗೆ ಹೊಕ್ಕರೆ ಸೀನಲೂ ಆಗದ ಪರಿಸ್ಥಿತಿ.

ಇಷ್ಟೆಲ್ಲ ಇದ್ದರೂ ಹಳೆಯ ಮೂರು ಸೆಲ್ಲಿನ ಸ್ಟೀಲ್ ಟಾರ್ಚನ್ನು ನಾನು ಬಿಟ್ಟುಕೊಟ್ಟಿಲ್ಲ, ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದ್ದೇನೆ ಅಷ್ಟೇ. ಮಾರ್ಗ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಾಗ ಲೈನ್‌ಮನ್ ಮನೆಯಲ್ಲೂ ಕರೆಂಟಿರುವುದಿಲ್ಲ, ಇದನ್ನು ಜನ ಯಾಕೋ ನಂಬುವುದಿಲ್ಲ. ಆಗ ಚಾರ್ಜಿಂಗ್ ಟಾರ್ಚ್‌ಗಳೆಲ್ಲ ಒಂದೊಂದಾಗಿ ಮಲಗುತ್ತವೆ. ದೊಡ್ಡ ಸೆಲ್ಲಾದರೆ ಬಸ್ ನಿಲ್ದಾಣದ ಗೂಡಂಗಡಿಯಲ್ಲೂ ಸಿಗುತ್ತದೆ. ಉಪಯೋಗಿಸದಿದ್ದಾಗ ಸೆಲ್ಲು ಬಿಚ್ಚಿಡಬೇಕು, ಇಲ್ಲದಿದ್ದರೆ ರಸ ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ.

ತೋಟಕ್ಕೆ ನೀರು ಬಿಡಲು ಹೋಗುವವರು ನನ್ನ ಟಾರ್ಚನ್ನು ತಿರುಗಿಸಿ ನೋಡಿ, ಇಂಥದ್ದೇ ತರಿಸಿಕೊಡಿ ಎನ್ನುತ್ತಾರೆ. ಬೇಡ ಎನ್ನುತ್ತೇನೆ. ಹಾವು, ಹಳ್ಳ, ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಲು ಆ ಪ್ಲಾಸ್ಟಿಕ್ ಟಾರ್ಚೇ ಸಾಕು, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುವ ನೆನಪಿದ್ದರೆ.