ಹಳೆಯ ಡೇಟಾಬೇಸಿನ ಮೇಲೆ ಜಾಂಗೋ: ಎರಡು ವರ್ಷಗಳ ಬಳಕೆಯ ನಂತರ

ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಾನು, ತೂಕದ ಕಾಟಾದ ಕಂಪ್ಯೂಟರಿನಲ್ಲಿರುವ ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸಿನಿಂದ ದಿನದ ವರದಿ ತೆಗೆಯಲು ಜಾಂಗೋ (ಪೈಥಾನ್ ಭಾಷೆಯಲ್ಲಿ ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟು) ಬಳಸುತ್ತಿದ್ದೇನೆ. ಕಾಟಾದ ತಂತ್ರಾಂಶ ಬರೆದುಕೊಟ್ಟವರು ಈಗ ಸಿಗುವುದಿಲ್ಲವಾದ್ದರಿಂದ, ಅದರ ಟೇಬಲ್‌ಗಳನ್ನು ಕದಲಿಸದೆ ಓದಬೇಕಿತ್ತು.

ಆ ಮಟ್ಟಿಗೆ ಜಾಂಗೋ ನನ್ನ ಮನಸ್ಸು ಗೆದ್ದಿತು. ‘ಇನ್‌ಸ್ಪೆಕ್ಟ್‌ಡಿಬಿ’ ಆಜ್ಞೆ ಕೊಟ್ಟೊಡನೆ ಟೇಬಲ್‌ಗಳೆಲ್ಲ ಮಾಡೆಲ್‌ಗಳಾಗಿ, ಅಂದರೆ ಟೇಬಲ್ಲಿನ ರೂಪ ಹೇಳುವ ಪೈಥಾನ್ ಕೋಡಾಗಿ ಬಂದವು; ಪ್ರತಿಯೊಂದರಲ್ಲೂ ‘ಮ್ಯಾನೇಜ್ಡ್ = ಫಾಲ್ಸ್’ ಎಂದಿದ್ದುದರಿಂದ ಮೈಗ್ರೇಶನ್ (ಟೇಬಲ್ ರಚನೆ ಬದಲಿಸುವ ಜಾಂಗೋದ ಕ್ರಮ) ಅವುಗಳ ರಚನೆಗೆ ಕೈಹಾಕುವುದಿಲ್ಲ. ಆದರೆ ಒಳಗಿನ ದಾಖಲೆಗಳಿಗೆ ಅದು ಕಾವಲಲ್ಲ. ಅದಕ್ಕೆಂದೇ ಓದುವ ಅನುಮತಿಯಷ್ಟೇ ಇರುವ ಬೇರೆ ಯೂಸರ್ ಮಾಡಿಕೊಂಡಿದ್ದೇನೆ.

ಮೊದಲ ಸುಗ್ಗಿಯಲ್ಲಿ ಮಾತ್ರ ಬಹಳ ನೊಂದೆ. ಇಲ್ಲಿ ಭತ್ತದ ವ್ಯವಹಾರ 75 ಕೆಜಿ ಚೀಲದ ಲೆಕ್ಕದಲ್ಲಿ ನಡೆಯುತ್ತದೆ, ಹಮಾಲಿಯೂ ಚೀಲದ ಮೇಲೆಯೇ. ಹಮಾಲರ ಮೇಸ್ತ್ರಿಯ ಪುಸ್ತಕದಲ್ಲಿ ಆ ದಿನ 412 ಚೀಲ, ನನ್ನ ವರದಿಯಲ್ಲಿ 318. ಅವರು ಏನೂ ಅನ್ನಲಿಲ್ಲ, ಪುಸ್ತಕವನ್ನು ನನ್ನ ಮುಂದೆ ಸರಿಸಿದರು. ಸಾಲುಸಾಲಾಗಿ ಹೋಲಿಸಿದಾಗ ತಿಳಿಯಿತು: ರಾತ್ರಿ 8ಕ್ಕೆ ತೂಗಿದ ಟ್ರ್ಯಾಕ್ಟರ್ ವರದಿಯಲ್ಲಿ ಮರುದಿನ ನಸುಕಿನ 1:30ಕ್ಕೆ ಬಂದಿತ್ತು. ಕಾಟಾ ಬರೆದಿಟ್ಟಿದ್ದು ನಮ್ಮ ಗಡಿಯಾರದ ಸಮಯ. ಸಮಯವಲಯದ ಲೆಕ್ಕ ಹಾಕುವ ‘ಯೂಸ್_ಟಿಝಡ್’ ಸೆಟ್ಟಿಂಗ್ ಚಾಲೂ ಇದ್ದ ಜಾಂಗೋ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ತಿಳಿದು ಐದೂವರೆ ಗಂಟೆ ಕೂಡಿಸುತ್ತಿತ್ತು. ಹಾಗಾಗಿ ಸಂಜೆ 6:30ರ ನಂತರದ ತೂಕವೆಲ್ಲ ಮರುದಿನದ ಖಾತೆಗೆ ಸೇರುತ್ತಿತ್ತು. ಸುಗ್ಗಿಯಲ್ಲಿ ಹೆಚ್ಚಿನ ಭತ್ತ ಬರುವುದೇ ಆ ಹೊತ್ತಿನಲ್ಲಿ.

ಪರಿಹಾರ ಒಂದೇ ಸಾಲಿನದು. ‘ಡೇಟಾಬೇಸಸ್’ ಸೆಟ್ಟಿಂಗಿನೊಳಗೆ ಆ ಡೇಟಾಬೇಸಿಗೆಂದೇ ‘ಟೈಮ್_ಝೋನ್’ ಬರೆದು ‘ಏಷ್ಯಾ/ಕೋಲ್ಕತಾ’ ಎಂದು ಕೊಡಬೇಕು. ಸ್ಥಳೀಯ ಸಮಯ ಬರೆದಿಡುವ ಇಂಥ ಪರರ ಡೇಟಾಬೇಸುಗಳಿಗಾಗಿಯೇ ಈ ಸೌಲಭ್ಯವಿದೆ ಎಂದು ಜಾಂಗೋದ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಗುರುತು ಹತ್ತದ ಕಾಲಮ್ ಕಂಡರೆ ‘ಇದು ಊಹೆ’ ಎಂದು ಪಕ್ಕದಲ್ಲಿ ಟಿಪ್ಪಣಿ ಬರೆಯುವ ಇನ್‌ಸ್ಪೆಕ್ಟ್‌ಡಿಬಿ, ಸಮಯದ ಕಾಲಮ್‌ಗೂ ಅಂಥದೊಂದು ಎಚ್ಚರಿಕೆ ಬರೆದಿದ್ದರೆ ನಮ್ಮ ಹಮಾಲರ ಮೂರು ದಿನದ ಕೂಲಿ ತಡವಾಗುತ್ತಿರಲಿಲ್ಲ.

ಈಗ ಬೆಳಿಗ್ಗೆ 7ಕ್ಕೆ ಮೊದಲ ಚಹಾ ಬರುವಷ್ಟರಲ್ಲಿ ಹಿಂದಿನ ದಿನದ ಹಾಳೆ ಮುದ್ರಣವಾಗಿರುತ್ತದೆ. ಮೇಸ್ತ್ರಿ ಅದನ್ನು ತಮ್ಮ ಪುಸ್ತಕದ ಪಕ್ಕಕ್ಕಿಟ್ಟು, ಒಂದೊಂದು ಗಾಡಿಯ ಮೇಲೂ ಬೆರಳಿಟ್ಟು ಓದಿ, ಕೊನೆಗೆ ಸಹಿ ಹಾಕುತ್ತಾರೆ.