ಎರಡನೆಯ ಗೇರ್ ಕಲಿಸಿದ್ದು: ನಾಲ್ಕು 911 ಕಾರುಗಳ ಹೋಲಿಕೆ

ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪೋರ್ಷೆ 911ರ ಇಡೀ ವಂಶದಲ್ಲಿ ನನ್ನ ಮನಸ್ಸಿಗೆ ಹಿಡಿಸಿರುವುದು 1987ರಿಂದ 1989ರವರೆಗೆ ಬಂದ, ಜಿ50 ಗೇರ್‌ಬಾಕ್ಸ್ ಇರುವ 3.2 ಲೀಟರ್ ಎಂಜಿನ್ನಿನ ಕರೆರಾ. ಈ ನಿರ್ಧಾರಕ್ಕೆ ಬರುವ ಮೊದಲು ಅದೇ ಕರೆರಾದ 1985ರ ಕಾರೊಂದನ್ನು ಕೊಂಡು, ಹದಿನಾಲ್ಕು ತಿಂಗಳು ಓಡಿಸಿ, ನಷ್ಟಕ್ಕೆ ಮಾರಿದ್ದೇನೆ. 911ರ ಮುಂದಿನ ಪೀಳಿಗೆಗಳಾದ 964 ಮತ್ತು 996 ಕಾರುಗಳನ್ನು ಸ್ನೇಹಿತರಿಂದ ತಲಾ ಒಂದೊಂದು ವಾರ ಪಡೆದು ಓಡಿಸಿದ್ದೇನೆ.

1985ರ ಕಾರನ್ನೂ 1988ರ ಕಾರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಅವಳಿಗಳಂತೆ ಕಾಣುತ್ತವೆ. 1974ರ ಮಾದರಿಯಲ್ಲಿ ಬಂದ ದಪ್ಪ ಬಂಪರ್‌ಗಳೇ ಎರಡರಲ್ಲೂ ಇವೆ. ಗಾಳಿಯಿಂದ ತಣಿಯುವ ಆರು ಸಿಲಿಂಡರ್‌ಗಳ ಅದೇ ಎಂಜಿನ್, ಕೆಟಲಿಟಿಕ್ ಕನ್ವರ್ಟರ್ ಇಲ್ಲದಿದ್ದರೆ ಅದೇ 231 ಅಶ್ವಶಕ್ತಿ. ಅಸಲಿಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಹಿಂಭಾಗದಲ್ಲಿ ಎಂಜಿನ್ ಇರುವ 911ಅನ್ನು ನಿಲ್ಲಿಸಿ, ಮುಂಭಾಗದಲ್ಲಿ ಎಂಜಿನ್ ಇರುವ 928 ಎಂಬ ಕಾರಿಗೆ ಅದರ ಜಾಗವನ್ನು ಕೊಡುವ ಯೋಚನೆ ಕಂಪನಿಯಲ್ಲಿತ್ತು. 1981ರಲ್ಲಿ ಮುಖ್ಯಸ್ಥರಾಗಿ ಬಂದ ಪೀಟರ್ ಶುಟ್ಜ್ ಅದನ್ನು ತಡೆಯದೇ ಹೋಗಿದ್ದರೆ ನಾನು ಹೋಲಿಸುತ್ತಿರುವ ಈ ಎರಡೂ ಕಾರುಗಳು ಇರುತ್ತಲೇ ಇರಲಿಲ್ಲ.

ಇಷ್ಟೆಲ್ಲ ಒಂದೇ ಆಗಿದ್ದೂ ನನ್ನ ಹದಿನಾಲ್ಕು ತಿಂಗಳುಗಳನ್ನು ಕೆಡಿಸಿದ್ದು ಗೇರ್‌ಬಾಕ್ಸ್. 1972ರ ಮಾದರಿಯಿಂದ 1986ರವರೆಗೆ ಬಳಕೆಯಲ್ಲಿದ್ದ 915 ಗೇರ್‌ಬಾಕ್ಸ್‌ಗೆ ಅವಸರ ಒಗ್ಗುವುದಿಲ್ಲ ಎಂದು ಬಲ್ಲವರೆಲ್ಲ ಹೇಳುತ್ತಾರೆ, ನಾನೂ ಕೇಳಿದ್ದೆ. ಆದರೆ ಕೊಳ್ಳಲು ಹೋದ ದಿನ ಮಾರುವವರು ನಾನು ಬರುವುದಕ್ಕೆ ಮೊದಲೇ ಕಾರನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟಿದ್ದರು. ಗೇರ್‌ಗಳು ಬೆಣ್ಣೆಯಂತೆ ಬಿದ್ದವು, ನಾನು ಮರುಳಾದೆ. ಮರುದಿನ ಬೆಳಿಗ್ಗೆ ತಣ್ಣಗಿದ್ದ ಕಾರನ್ನು ಹೊರತೆಗೆದು ಮೊದಲನೆಯದರಿಂದ ಎರಡನೆಯ ಗೇರ್‌ಗೆ ಎಳೆದಾಗ, ಕಲ್ಲಿನ ಮೇಲೆ ಕಬ್ಬಿಣ ಉಜ್ಜಿದಂಥ ಸದ್ದು ಬಂದು ಲಿವರ್ ಅರ್ಧದಲ್ಲೇ ನಿಂತಿತು.

ಮೊದಲು ನೋಡಿದ ಮೆಕ್ಯಾನಿಕ್ ಕ್ಲಚ್ ಸವೆದಿದೆ ಎಂದರು. ಈ ಕಾರಿನಲ್ಲಿ ಕ್ಲಚ್ ಬದಲಿಸಬೇಕೆಂದರೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಇಳಿಸಿದರು, ಬದಲಿಸಿದರು, ಸದ್ದು ಮಾತ್ರ ಇದ್ದ ಹಾಗೇ ಇತ್ತು. ಎರಡನೆಯವರು ಸೀಟುಗಳ ಹಿಂದಿನ ಮುಚ್ಚಳವೊಂದನ್ನು ತೆಗೆದು, ಗೇರ್ ಲಿವರ್‌ನ ಉದ್ದನೆಯ ಸರಳು ಗೇರ್‌ಬಾಕ್ಸ್‌ಗೆ ಸೇರುವಲ್ಲಿರುವ ಪ್ಲಾಸ್ಟಿಕ್ ಬುಷ್‌ಗಳು ಪುಡಿಯಾಗಿರುವುದನ್ನು ತೋರಿಸಿದರು. ಅವನ್ನು ಬದಲಿಸಿದ ಮೇಲೆ ತೊಂದರೆ ಅರ್ಧ ಕಡಿಮೆಯಾಯಿತು. ಉಳಿದರ್ಧ ಒಳಗಿತ್ತು: ಹಿಂದಿನ ಮಾಲೀಕರ ಅವಸರದ ಕೈಗೆ ಸಿಕ್ಕಿ ಎರಡನೆಯ ಗೇರ್‌ನ ಸಿಂಕ್ರೊ ರಿಂಗ್, ಅಂದರೆ ಗೇರ್ ಬೀಳುವ ಮೊದಲು ಒಳಗಿನ ವೇಗಗಳನ್ನು ಹೊಂದಿಸುವ ಬಳೆ, ಸವೆದುಹೋಗಿತ್ತು.

ಗೇರ್‌ಬಾಕ್ಸ್ ಬಿಚ್ಚಿಸುವ ಹಣ ಆಗ ನನ್ನಲ್ಲಿರಲಿಲ್ಲವಾದ್ದರಿಂದ ನಾನೇ ಬದಲಾದೆ. ಬೆಳಿಗ್ಗೆ ಮೊದಲ ಕೆಲವು ಕಿಲೋಮೀಟರ್ ಎರಡನೆಯ ಗೇರನ್ನು ಮುಟ್ಟದೆ ಮೂರನೆಯದಕ್ಕೆ ಹೋಗುವುದು, ಆಮೇಲೂ ನ್ಯೂಟ್ರಲ್‌ನಲ್ಲಿ ಒಂದು ಉಸಿರಿನಷ್ಟು ಹೊತ್ತು ತಡೆದು ಎಳೆಯುವುದು ರೂಢಿಯಾಯಿತು. ನನ್ನ ದಿನನಿತ್ಯದ ಓಡಾಟವೇ ಎಂಟು ಕಿಲೋಮೀಟರ್. ಗೇರ್‌ಬಾಕ್ಸ್ ಬಿಸಿಯಾಗಿ ಹದಕ್ಕೆ ಬರುವ ಹೊತ್ತಿಗೆ ನಾನು ತಲುಪಿರುತ್ತಿದ್ದೆ. ವಾರಕ್ಕೊಮ್ಮೆ ದೂರ ಹೋಗುವವರಿಗೆ ಇದೊಂದು ತೊಂದರೆಯೇ ಅಲ್ಲದಿರಬಹುದು, ಸರಿಯಾಗಿ ನೋಡಿಕೊಂಡ 915ಅನ್ನು ಮೆಚ್ಚುವವರೂ ಬೇಕಾದಷ್ಟು ಜನರಿದ್ದಾರೆ.

1987ರ ಮಾದರಿಯಿಂದ ಬಂದ ಜಿ50ಯಲ್ಲಿ ಸಿಂಕ್ರೊ ಬೇರೆ ಬಗೆಯದು: ಒಳಗಿನ ವೇಗಗಳು ಹೊಂದಿಕೊಳ್ಳುವ ತನಕ ಅದು ಗೇರನ್ನು ತಡೆಹಿಡಿದು, ಹೊಂದಿದ ಮೇಲೆ ಬಿಡುತ್ತದೆ. ಕ್ಲಚ್‌ಗೆ ಕೇಬಲ್ ಬದಲು ಹೈಡ್ರಾಲಿಕ್ ವ್ಯವಸ್ಥೆ ಬಂದಿದೆ. ಗೇರ್‌ಬಾಕ್ಸ್‌ನ ತೂಕ ಹೆಚ್ಚಾಗಿದೆ. ಅದು ನನ್ನ ಎಂಟು ಕಿಲೋಮೀಟರ್‌ಗಳಲ್ಲಿ ಒಮ್ಮೆಯೂ ಅನುಭವಕ್ಕೆ ಬಂದಿಲ್ಲ. ಈ ಸಲ 1988ರ ಕಾರನ್ನು ನೋಡಲು ಹೋದಾಗ, ನಾನು ಬರುವ ತನಕ ಅದನ್ನು ಮುಟ್ಟಲೇಬಾರದು ಎಂದು ಮಾರುವವರಿಗೆ ಮೊದಲೇ ಹೇಳಿ, ಎಂಜಿನ್ ಮುಚ್ಚಳದ ಮೇಲೆ ಕೈಯಿಟ್ಟು ತಣ್ಣಗಿರುವುದನ್ನು ಖಚಿತಪಡಿಸಿಕೊಂಡೇ ಸ್ಟಾರ್ಟ್ ಮಾಡಿದೆ.

964 ಎಲ್ಲ ಲೆಕ್ಕದಲ್ಲೂ ಇನ್ನೂ ಒಳ್ಳೆಯ ಕಾರು. 3.6 ಲೀಟರ್ ಎಂಜಿನ್, 250 ಅಶ್ವಶಕ್ತಿ, ಸಸ್ಪೆನ್ಶನ್‌ನಲ್ಲಿ ಟಾರ್ಶನ್ ಬಾರ್ (ತಿರುಚಿಕೊಳ್ಳುವ ಉಕ್ಕಿನ ಸರಳು) ಬದಲು ಕಾಯಿಲ್ ಸ್ಪ್ರಿಂಗ್, ಪವರ್ ಸ್ಟಿಯರಿಂಗ್, ಎಬಿಎಸ್, ವೇಗ ಹೆಚ್ಚಿದಾಗ ತಾನಾಗಿಯೇ ಮೇಲೇಳುವ ಸ್ಪಾಯ್ಲರ್. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಗೆ ಜಾರುವ ಹಳೆಯ ಚಾಳಿ ಇದರಲ್ಲಿ ಬಹಳ ಮಟ್ಟಿಗೆ ಪಳಗಿದೆ. ಆದರೂ ನನಗೆ ಬೇಡವೆನಿಸಿತು, ಏಕೆಂದರೆ ನನ್ನ ಕಾರಿನ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ. ಇಲ್ಲಿ ಪ್ರತಿ ಸಿಲಿಂಡರ್‌ಗೆ ಎರಡರಂತೆ ಹನ್ನೆರಡು ಸ್ಪಾರ್ಕ್ ಪ್ಲಗ್‌ಗಳಿವೆ. ಅವುಗಳಲ್ಲಿ ಆರಕ್ಕೆ ಕಾರಿನ ಕೆಳಗೆ ಮಲಗಿಯೇ ಕೈಹಾಕಬೇಕು. ನನ್ನ ಬೆನ್ನು ಅದಕ್ಕೆ ಒಪ್ಪಲಿಲ್ಲ.

ಗಾಳಿಯಿಂದ ತಣಿಯುವ ಕೊನೆಯ 911 ಎಂಬ ಒಂದೇ ಕಾರಣಕ್ಕೆ 993ರ ಬೆಲೆ ಏರಿದೆ. ನನ್ನ ಕೈಗೆ ಎಟುಕದು.

ನೀರಿನಿಂದ ತಣಿಯುವ 996ಅನ್ನು ಅದರ, ಪೋರ್ಷೆಯದೇ ಅಗ್ಗದ ಕಾರಾದ ಬಾಕ್ಸ್‌ಟರ್ ಮಾದರಿಯ ಹೆಡ್‌ಲೈಟ್‌ಗಳಿಗಾಗಿ ಹೀಯಾಳಿಸುವುದು ನನಗೆ ಸರಿಕಾಣುವುದಿಲ್ಲ. 300 ಅಶ್ವಶಕ್ತಿಯ ಆ ಕಾರು ಇಲ್ಲಿ ಹೋಲಿಸಿದ ಎಲ್ಲಕ್ಕಿಂತ ವೇಗವಾಗಿದೆ, ಅಗ್ಗವೂ ಆಗಿದೆ, ಅದರ ಹೀಟರ್ ಹೇಳಿದ ಮಾತು ಕೇಳುತ್ತದೆ. ಎಂಜಿನ್ನಿನ ಮಧ್ಯಂತರ ಶಾಫ್ಟ್‌ನ ಬೇರಿಂಗ್ ಮುರಿದು ಎಂಜಿನ್ನೇ ಹಾಳಾದೀತೆಂಬ, ಬಲ್ಲವರಿಗೆಲ್ಲ ಗೊತ್ತಿರುವ ಆತಂಕವನ್ನು ನಿಭಾಯಿಸಲು ಸ್ವಲ್ಪ ಹಣ ತೆಗೆದಿಡಬಲ್ಲವರು, ಒಂದೇ ಕಾರಿನಲ್ಲಿ ದೂರ ಪ್ರಯಾಣವನ್ನೂ ಮಾಡುವವರು ಇದನ್ನೇ ಕೊಳ್ಳಲಿ. ನೆಲದಿಂದ ಮೇಲೇಳುವ ಪೆಡಲ್‌ಗಳು ಇದರಲ್ಲಿಲ್ಲ, ನನ್ನ ಕಾಲು ಅವನ್ನೇ ಹುಡುಕುತ್ತಿತ್ತು.

ಈಗ ಎರಡು ವರ್ಷಗಳಿಂದ ನನ್ನ ಬಳಿ ಇರುವುದು 1988ರ ಕಾರು. 915ರಲ್ಲಿ ರಿವರ್ಸ್ ಬಲಗಡೆ ಕೆಳಗಿತ್ತು, ಜಿ50ಯಲ್ಲಿ ಅದು ಎಡಗಡೆ ಮೇಲಿದೆ. ಕಾರು ಹಿಂದಕ್ಕೆ ತೆಗೆಯುವಾಗ ನನ್ನ ಕೈ ಇಂದಿಗೂ ಒಮ್ಮೊಮ್ಮೆ ಬಲಗಡೆಗೆ ಹೋಗಿ, ಅಲ್ಲಿ ಏನೂ ಸಿಗದೆ ಹಿಂದಿರುಗುತ್ತದೆ.