ಎಕ್ಸೆಲ್ ಮ್ಯಾಕ್ರೋದಲ್ಲಿ ನೇಮ್ಡ್ ರೇಂಜ್: ಎಂಟು ವರ್ಷ ಬಳಸಿದ ಮೇಲೆ

ನೇಮ್ಡ್ ರೇಂಜ್ ಅಂದರೆ ಒಂದು ಸೆಲ್ಲಿಗೋ ಸೆಲ್‌ಗಳ ಗುಂಪಿಗೋ ನಾವು ಇಡುವ ಹೆಸರು. ಅದಕ್ಕೆ ನನ್ನಿಂದ ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಎಲ್ಲಿ ಹೋಯಿತೆಂದು ಆಮೇಲೆ ಹೇಳುತ್ತೇನೆ.

ಮ್ಯಾಕ್ರೋ, ಅಂದರೆ ಎಕ್ಸೆಲ್ ಕೆಲಸವನ್ನು ತಾನಾಗಿಯೇ ಮಾಡಿಸುವ ಕೋಡ್, ಬರೆಯಲು ಶುರು ಮಾಡಿದಾಗ ನನ್ನ ಕೋಡ್ ತುಂಬ ಬಿ7, ಡಿ12 ಅಂತ ಸೆಲ್ ವಿಳಾಸಗಳೇ. ಮೇಲೆ ಯಾರಾದರೂ ಒಂದು ಸಾಲು ಸೇರಿಸಿದರೆ ಶೀಟಿನ ಸೂತ್ರಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಕೋಡಿನಲ್ಲಿ ಬರೆದಿಟ್ಟ ಬಿ7 ಮಾತ್ರ ಬಿ7 ಆಗಿಯೇ ಇರುತ್ತದೆ. ಎರರ್ ಬಂದರೆ ಒಳ್ಳೆಯದಿತ್ತು, ಅದೂ ಇಲ್ಲ. ಒಂದು ಸಲ ಬಡ್ಡಿದರದ ಜಾಗದಲ್ಲಿ ಕಂತುಗಳ ಸಂಖ್ಯೆ ಓದಿಕೊಂಡು ಮ್ಯಾಕ್ರೋ ಏನೂ ಆಗದ ಹಾಗೆ ಲೆಕ್ಕ ಮುಗಿಸಿತ್ತು. ಅವತ್ತಿನಿಂದ ಹೆಸರಿಡಲು ಕಲಿತೆ.

ಹೆಸರು ಸೆಲ್‌ಗೆ ಅಂಟಿಕೊಂಡಿರುತ್ತದೆ. ಸಾಲು ಸೇರಿಸಿ, ಕಟ್ ಮಾಡಿ ಬೇರೆ ಕಡೆ ಹಾಕಿ, ಜೊತೆಗೇ ಹೋಗುತ್ತದೆ. ಆ ಸೆಲ್ಲನ್ನೇ ಅಳಿಸಿಬಿಟ್ಟರೆ ಮ್ಯಾಕ್ರೋ 1004 ಎಂಬ ಎರರ್ ಕೊಟ್ಟು ಅಲ್ಲೇ ನಿಲ್ಲುತ್ತದೆ. ನನಗೆ ಬೇಕಾದದ್ದೂ ಅದೇ, ತಪ್ಪಾದರೆ ಕೂಗಿ ಹೇಳಬೇಕು. (ಸೂತ್ರದ ಪಟ್ಟಿಯ ಎಡಕ್ಕಿರುವ ನೇಮ್ ಬಾಕ್ಸ್‌ನಲ್ಲಿ ಹೆಸರು ಟೈಪ್ ಮಾಡಿ ಎಂಟರ್ ಒತ್ತದಿದ್ದರೆ ಹೆಸರು ಉಳಿಯುವುದಿಲ್ಲ. ಈಗಲೂ ಮರೆಯುತ್ತೇನೆ.)

ಹೆಸರಿಡುವುದರಲ್ಲೂ ಸ್ವಲ್ಪ ಜಾಗ್ರತೆ ಬೇಕು. ಇಂಗ್ಲಿಷ್ ಅಕ್ಷರದಲ್ಲಿ 'ಟ್ಯಾಕ್ಸ್2024' ಎಂದು ಇಡಲು ಹೋದರೆ ಒಪ್ಪುವುದಿಲ್ಲ. ಎಕ್ಸೆಲ್ 2007ರಲ್ಲಿ ಕಾಲಂಗಳು 256ರಿಂದ 16,384ಕ್ಕೆ ಏರಿದ ಮೇಲೆ ಅದು ನಿಜವಾದ ಸೆಲ್ ವಿಳಾಸವೇ ಆಗಿದೆ (TAX ಎಂಬ ಕಾಲಂ, 2024ನೇ ಸಾಲು)! ನಡುವೆ ಅಂಡರ್‌ಸ್ಕೋರ್ ಹಾಕಿದರೆ ಸಾಕು.

ಇನ್ನು ಆ ಒಂದು ಅಂಕದ ಕಥೆ. ಹೆಸರುಗಳಿರುವ ಶೀಟನ್ನು ಅದೇ ವರ್ಕ್‌ಬುಕ್‌ನಲ್ಲಿ ಕಾಪಿ ಮಾಡಿದರೆ ಹೊಸ ಶೀಟಿಗೆ ಸೀಮಿತವಾಗಿ ಅವೇ ಹೆಸರುಗಳು ಇನ್ನೊಮ್ಮೆ ಹುಟ್ಟುತ್ತವೆ. ಆಮೇಲೆ ಕೋಡಿನಲ್ಲಿ ಶೀಟ್ ಯಾವುದೆಂದು ಹೇಳದೆ ಬರೀ Range("ಹೆಸರು") ಎಂದು ಕರೆದರೆ, ಕಾಪಿ ಶೀಟ್ ತೆರೆದಿದ್ದಾಗ ಅದರ ಹೆಸರೇ ಓಗೊಡುತ್ತದೆ. ಮತ್ತೆ ಅದೇ ಸದ್ದಿಲ್ಲದ ತಪ್ಪು. ಇದನ್ನು ಹುಡುಕಲು ನನಗೆ ಒಂದು ಇಡೀ ಮಧ್ಯಾಹ್ನ ಹೋಯಿತು. ಈಗ ಶೀಟಿನ ಕೋಡ್‌ನೇಮ್ (ಕೋಡಿನಲ್ಲಿ ಶೀಟನ್ನು ಗುರುತಿಸುವ ಹೆಸರು) ಮುಂದಿಟ್ಟೇ ಹೆಸರು ಕರೆಯುತ್ತೇನೆ. ಕಂಟ್ರೋಲ್ ಎಫ್3 ಒತ್ತಿ ನೇಮ್ ಮ್ಯಾನೇಜರ್ ತೆರೆದು, ಶೀಟಿಗೆ ಸೀಮಿತವಾದವನ್ನು ಫಿಲ್ಟರ್ ಮಾಡಿ ಬೇಡದ್ದನ್ನು ಅಳಿಸುತ್ತೇನೆ.

ಬೆಳೆಯುತ್ತಾ ಹೋಗುವ ಪಟ್ಟಿಗೆ ನೇಮ್ಡ್ ರೇಂಜ್ ಅಷ್ಟು ಒಗ್ಗುವುದಿಲ್ಲ. ನಡುವೆ ಸಾಲು ಸೇರಿಸಿದರೆ ಹಿಗ್ಗುತ್ತದೆ, ಕೊನೆಯ ಸಾಲಿನ ಕೆಳಗೆ ಬರೆದರೆ ಇಲ್ಲ. ಆಫ್‌ಸೆಟ್ ಸೂತ್ರ ಕೊಟ್ಟು ಹಿಗ್ಗಿಸಬಹುದು. ಆದರೆ ಎಲ್ಲೇ ಏನೇ ಬದಲಾದರೂ ಅದು ಮತ್ತೆ ಲೆಕ್ಕ ಹಾಕುವುದರಿಂದ ದೊಡ್ಡ ಫೈಲ್ ಮುಗ್ಗರಿಸುತ್ತದೆ. ಅಂಥ ಕಡೆ ಎಕ್ಸೆಲ್‌ನ ಟೇಬಲ್ ಬಳಸಿ, ಅದು ಪಟ್ಟಿಯ ಜೊತೆ ತಾನೇ ಬೆಳೆಯುತ್ತದೆ. ದರ, ದಿನಾಂಕ, ಫೋಲ್ಡರ್ ದಾರಿಯಂಥ ಒಂಟಿ ಮೌಲ್ಯಗಳಿಗೆ ಮಾತ್ರ ನಾನು ಹೆಸರಿಡುವುದು.

ಬೇರೆಯವರು ಮಾಡಿದ ಫೈಲ್ ಕೈಗೆ ಬಂದರೆ ಜೂಮ್ 39 ಪರ್ಸೆಂಟ್‌ಗೆ ಇಳಿಸಿ ನೋಡಿ. ಒಂದಕ್ಕಿಂತ ಹೆಚ್ಚು ಸೆಲ್‌ಗಳಿಗೆ ಇಟ್ಟ ಹೆಸರುಗಳು ಶೀಟಿನ ಮೇಲೆಯೇ ಕಾಣಿಸುತ್ತವೆ.